ಸಾಸಿವಿ ಡಬ್ಬಿ ರೊಕ್ಕ ಮತ್ತ ದೋಣಿ ಬ್ಯಾಟರಿ

ಮೊನ್ನೆ ಫೋನಿನ್ಯಾಗ ಹುಬ್ಬಳ್ಳಿ ಕಾಕು ಕೇಳಿದ್ರು, "ಅಲ್ಲವಾ, ಹಾಯಿದೋಣಿ ಅಂತೀರಿ, ಗಾಳಿ ಪುಕ್ಕಟ ಸಿಗ್ತದ, ಮತ್ತ ಅದಕ್ಕ ಡೀಸೆಲ್ ಎಂಜಿನ್ ಯಾಕ?" ಮಗ್ಗಲಕ್ಕ ಕೂತಿದ್ದ ವೈನಿ, "ಎಂಜಿನ್ ಇರ್ಲಿ, ಹದಿನೈದು ದಿವಸದಿಂದ ನಿಮ್ಮನ್ಯಾಗ ಬರೇ ಬ್ಯಾಟರಿದೇ ಮಾತಂತ, ಏನದು?" ಅಂದ್ರು. ಇಬ್ಬರಿಗೂ ಕೂಡೇ ಇವತ್ತ ಬರೀಲಿಕ್ಕೆ ಕೂತೀನಿ. ಒಲಿ ಮ್ಯಾಲೆ ಬ್ಯಾಳಿ ಕುದೀಲಿಕ್ಕತ್ತದ, ಅಷ್ಟರಾಗ ಮುಗಸ್ತೀನಿ.

ಮೊದಲ ಎಂಜಿನ್ ಯಾಕ ಅನ್ನೋದು. ನಮ್ಮ ಆಕ್ಲಂಡ್ ಬಂದರದ ಬಾಯಾಗ ರಂಗಿಟೋಟೊ ಅಂತ ಒಂದು ಗುಡ್ಡ ಅದ. ಸುಮಾರು 600 ವರ್ಷದ ಹಿಂದ ಜ್ವಾಲಾಮುಖಿಯಿಂದ ಎದ್ದದ್ದು, ದಂಡಿ ತುಂಬ ಕರಿ ಲಾವಾ ಕಲ್ಲು. ಅದರ ಮಗ್ಗಲಿನ ಜಲಮಾರ್ಗದಾಗ ದೊಡ್ಡ ದೊಡ್ಡ ಕಂಟೇನರ್ ಹಡಗು ಹೋಗಿಬರ್ತಾವ. ನಮ್ಮದು 26 ಫೂಟಿನ ಹಳೇ ದೋಣಿ. ಗಾಳಿ ಇರೋತನಕ ರಾಣಿ ಹಂಗ ಹೋಗ್ತದ. ಗಾಳಿ ನಿಂತ್ರ ಭರತಿ-ಇಳಿತದ ನೀರು ಎಳದ ಕಡೆ ಹೋಗ್ತದ, ಕಲ್ಲಿನ ಕಡೆ ಇರ್ಲಿ, ಹಡಗಿನ ಕಡೆ ಇರ್ಲಿ. ಆವಾಗ ಕೈ ಹಿಡಿಯೋದು ಎಂಜಿನ್ ಒಂದೇ. ನಮ್ಮದು ಯಾನ್ಮಾರ್ 1ಜಿಎಂ10 ಅಂತ, ಒಂದೇ ಸಿಲಿಂಡರಿನ 9 ಎಚ್‌ಪಿ ಎಂಜಿನ್ನು.

ಹ್ವಾದ ಮಾರ್ಚದಾಗ ಹಿಂಗೇ ಆತು. ನಡುನೀರಿನ್ಯಾಗ ಗಾಳಿ ಸತ್ತು ಹಾಯಿ ಜೋತುಬಿತ್ತು. ಹಿಂದ ದೂರದಾಗ ಒಂದು ಹಡಗು ಕಾಣಲಿಕ್ಕತ್ತು. ಇವರು ಕೀಲಿ ತಿರುವಿದ್ರು. ಎಂಜಿನ್ನು ಮುದುಕರು ಎದ್ದಂಗ ಒಮ್ಮೆ ಮುಲುಕಿ ಸುಮ್ಮನಾತು. ಮಗಳು ನನ್ನ ಮಾರಿ ನೋಡಿದ್ಳು. ಎರಡನೇ ಸಲಕ್ಕ ಹಿಡೀತು, ಬದಿಗೆ ಸರಕೊಂಡ್ವಿ, ಏನೂ ಆಗ್ಲಿಲ್ಲ. ಆದ್ರ ನಡುವಿನ ಆ ಹತ್ತು ಸೆಕೆಂಡು ನನ್ನ ಹೊಟ್ಟ್ಯಾಗ ಇನ್ನೂ ಕೂತಾವ. ಮೊದಲಿನ ಮಾಲಕರು ಬಿಟ್ಟುಹೋದ ಒಂದೇ ಒಂದು ಬ್ಯಾಟರಿ ಇತ್ತು; ದೀಪ, ಫ್ರಿಜ್ಜು, ರೇಡಿಯೋ, ಎಂಜಿನ್ನು, ಎಲ್ಲಾದಕ್ಕೂ ಅದೇ. ಹಿಂದಿನ ರಾತ್ರಿ ದೋಣ್ಯಾಗೇ ಮಲಗಿದ್ವಿ, ಫ್ರಿಜ್ಜು ಬೆಳತನಕ ಅದನ್ನ ಕುಡದಿತ್ತು.

ಮನಿಗೆ ಬಂದ ಮ್ಯಾಲೆ ವಾದ ಸುರು. ಇವರು, "ಒಂದು 200 ಆಂಪಿಯರ್-ಅವರಿಂದು ಭಾರಿ ಬ್ಯಾಟರಿ ತರೋಣು, ಎಲ್ಲಾದಕ್ಕೂ ಸಾಕಾಗ್ತದ" ಅಂತ. ನಾ ಅಂದೆ, "ಎಷ್ಟು ದೊಡ್ಡದು ತಂದ್ರೂ ಒಂದೇ ಅದಂದ್ರ ಒಂದಿನ ಖಾಲಿ ಆಗೇ ಆಗ್ತದ. ಎಂಜಿನ್ನಿಗೆ ಅದರದೇ ಒಂದು ಸಣ್ಣದು ಬ್ಯಾರೆ ಇರ್ಲಿ." ನಮ್ಮವ್ವ ಪಗಾರ ಎಲ್ಲಾ ಒಂದೇ ಪೆಟ್ಟಿಗ್ಯಾಗ ಇಡ್ತಿದ್ದಿಲ್ಲ. ಸಾಸಿವಿ ಡಬ್ಬಿ ತಳದಾಗ ಒಂದಿಷ್ಟು ಬ್ಯಾರೆ. ಅದಕ್ಕ ಯಾರೂ ಕೈ ಹಚ್ಚೋಹಂಗಿಲ್ಲ, ರಾತ್ರಿ ದವಾಖಾನಿಗೆ ಓಡೋ ಪ್ರಸಂಗ ಬಂದ್ರ ಮಾತ್ರ. ಎಂಜಿನ್ನಿನ ಬ್ಯಾಟರಿ ಅಂದ್ರ ಆ ರೊಕ್ಕ.

ಇವರು ಲೆಕ್ಕದವರು, ಹಂಗ ಹೇಳಿದ್ರ ಒಪ್ಪೋದಿಲ್ಲ. ಕೂತು ಲೆಕ್ಕಾನೇ ಮಾಡಿದ್ವಿ. ಎಂಜಿನ್ ಸುರು ಮಾಡೋ ಮುಂದ ಸುಮಾರು 200 ಆಂಪಿಯರ್ ಎಳೀತದ ಅಂತ ಹಿಡೀರಿ, ಐದು ಸೆಕೆಂಡು. ಅಂದ್ರ ಖರ್ಚಾಗೋದು 0.3 ಆಂಪಿಯರ್-ಅವರಿಗಿಂತ ಕಡಿಮಿ! ಅದೇ ಫ್ರಿಜ್ಜು 4 ಆಂಪಿಯರಿನಂಗ ಹತ್ತು ತಾಸು ನಡದ್ರ 40. ಇವರು ಕಾಗದ ಎರಡು ಸಲ ನೋಡಿ, "ಹೌದಲ್ಲಾ" ಅಂದ್ರು. ಎಂಜಿನ್ನಿಗೆ ಬೇಕಾಗೋದು ದೊಡ್ಡ ದಾಸ್ತಾನಲ್ಲ, ಒಂದು ಜೋರಿನ ನೂಕು. ಬೀಸೋಕಲ್ಲು ನೆನಸ್ಕೋರಿ. ಮೊದಲನೇ ಸುತ್ತಿಗೆ ರಟ್ಟಿಯೊಳಗಿನ ಜೀವ ಎಲ್ಲಾ ಹೋಗ್ತದ, ಆಮ್ಯಾಲೆ ಬರೇ ಕೈ ಆಡಿಸಿದ್ರ ಸಾಕು. ಡೀಸೆಲ್ಲಿಗೆ ಕಿಡಿ ಹಚ್ಚೋ ಪ್ಲಗ್ ಇರೋದಿಲ್ಲ. ಗಾಳೀನ್ನ ಒತ್ತಿ ಒತ್ತಿ ಕಾಯಿಸೇ ಉರೀಬೇಕು. ಅದಕ್ಕೇ ಆ ಮೊದಲನೇ ಸುತ್ತು ಅಷ್ಟು ಬಿರುಸು. ಥಂಡಿಯೊಳಗ ಎಣ್ಣಿ ಗಟ್ಟಿಯಾಗಿ ಇನ್ನೂ ಬಿರುಸು.

ಅದಕ್ಕ ತಕ್ಕಂಗ ಬ್ಯಾಟರಿ ಒಳಗಿನ ಕಟ್ಟೂ ಬ್ಯಾರೆ. ಸುರು ಮಾಡೋ ಬ್ಯಾಟರಿಯೊಳಗ ಹಪ್ಪಳದಂಥಾ ತೆಳ್ಳನ್ನ ತಗಡು, ಬಾಳ ಇರ್ತಾವ. ಒಮ್ಮೆಲೇ ಶಕ್ತಿ ಸುರೂತದ. ದೀಪ-ಫ್ರಿಜ್ಜಿಗೆ ಹಚ್ಚೋದರೊಳಗ ಥಾಲಿಪೆಟ್ಟಿನಂಗ ದಪ್ಪ ತಗಡು. ನಿಧಾನಕ ಕೊಡ್ತದ, ಬಸದ್ರೂ ತಡೀತದ. ಹಪ್ಪಳದ ಜಾತೀದನ್ನ ಮ್ಯಾಲಿಂದ ಮ್ಯಾಲೆ ಪೂರಾ ಬಸದ್ರ ಲಗೂನ ಹಾಳಾಗ್ತದ.

ಅಂಗಡಿಯೊಳಗ ಒಬ್ಬರು ದೊಡ್ಡ ಅಂಕಿ ತೋರಿಸಿ ಮಾರಲಿಕ್ಕೆ ನೋಡಿದ್ರು. ಇಲ್ಲಿ ಹುಷಾರ್ ಇರಬೇಕು. ಸುರು ಮಾಡೋ ಬ್ಯಾಟರಿಗೆ ನೋಡೋ ಅಂಕಿ ಸಿಸಿಎ. ಮೈನಸ್ 18 ಡಿಗ್ರಿಯೊಳಗ 30 ಸೆಕೆಂಡ್ ಎಷ್ಟು ಆಂಪಿಯರ್ ಕೊಡ್ತದ ಅಂತ ಅದರ ಅರ್ಥ. ದೋಣಿ ಬ್ಯಾಟರಿ ಮ್ಯಾಲೆ ಎಂಸಿಎ ಅಂತನೂ ಬರೀತಾರ, ಅದು ಸೊನ್ನೆ ಡಿಗ್ರಿದು, ಹಂಗಾಗಿ ಅಂಕಿ ದೊಡ್ಡದು ಕಾಣ್ತದ. ಅದನ್ನ ಇದನ್ನ ಅದಲುಬದಲು ಹೋಲಿಸಿದ್ರ, ಪಾವಿನ ಲೆಕ್ಕ ಸೇರಿನ ಲೆಕ್ಕ ಕೂಡಿಸಿಧಂಗ. ಎಂಜಿನ್ನಿನ ಪುಸ್ತಕದಾಗ ಎಷ್ಟು ಅಂದಾರೋ ನೋಡಿ, ಅದಕ್ಕಿಂತ ಒಂದು ಹಿಡಿ ಜಾಸ್ತಿ ತಗೊಂಡ್ವಿ. ತಯಾರಾದ ತಾರೀಖನ್ನೂ ನೋಡಿದೆ. ಕಪಾಟಿನ್ಯಾಗ ವರ್ಷಗಟ್ಲೆ ಕೂತದ್ದು ಹಳೇ ಹಿಟ್ಟಿದ್ಹಂಗ.

ಆಸಿಡ್ ನೀರಿಂದು ಸೋವಿ, ಆದ್ರ ದೋಣಿ ವಾಲ್ತದ, ಚೆಲ್ಲಿದ್ರ ಗತಿ ಏನು? ಅದಕ್ಕ ಚೆಲ್ಲಲಾರದ ಎಜಿಎಂ ಜಾತೀದು ತಗೊಂಡ್ವಿ. ಲಿಥಿಯಮ್ ಹಗರ ಖರೆ. ಆದ್ರ ಅದರೊಳಗಿನ ರಕ್ಷಣಾ ಸರ್ಕ್ಯೂಟು ಎಂಜಿನ್ ನಡೆಯೋ ಮುಂದ ಒಮ್ಮೆಲೇ ಕಡಕೊಂಡ್ರ ಹಳೇ ಆಲ್ಟರ್ನೇಟರ್ ಸುಡಬಹುದು. ನಮ್ಮ ಮುದುಕ ಎಂಜಿನ್ನಿಗೆ ಅದು ಬ್ಯಾಡ ಅಂತ ಬಿಟ್ವಿ.

ಈಗ ಎರಡು ಬ್ಯಾಟರಿ ಅವ. ನಡುವ ಒಂದು ರಿಲೇ ಹಾಕಿಸೇವಿ. ಎಂಜಿನ್ ನಡದಾಗ ಎರಡೂ ತುಂಬತಾವ, ನಿಂತ ಮ್ಯಾಲೆ ಬ್ಯಾರೆ ಬ್ಯಾರೆ ಆಗ್ತಾವ. ಫ್ರಿಜ್ಜು ಎಷ್ಟರೆ ಕುಡೀಲಿ, ಸಾಸಿವಿ ಡಬ್ಬಿಗೆ ಕೈ ಹಾಕೋಹಂಗಿಲ್ಲ. ಉಪ್ಪುನೀರಿಗೆ ಹಸರು ಹಿಡದ ವೈರಿನ ತುದೀನೂ ತಿಕ್ಕಿ ಹೊಸಾ ಮಾಡಿದ್ವಿ. ಅದು ಕೆಟ್ಟಿದ್ರ ಎಂಥಾ ಹೊಸಾ ಬ್ಯಾಟರಿ ತಂದ್ರೂ ನೂಕು ಎಂಜಿನ್ನಿಗೆ ಮುಟ್ಟೋದಿಲ್ಲ.

ಅಕ್ಕಂದಿರಾ, ನಿಮ್ಮ ಮನ್ಯಾಗ ದೋಣಿ ಇಲ್ಲ, ಆದ್ರ ಕಾರು, ಟ್ರ್ಯಾಕ್ಟರು, ಇನ್ವರ್ಟರು ಅವ. ಇನ್ವರ್ಟರಿಂದು ದಪ್ಪ ತಗಡಿನ ಜಾತಿ, ಕಾರು-ಟ್ರ್ಯಾಕ್ಟರಿಂದು ತೆಳ್ಳನ್ನ ತಗಡಿಂದು. ಕಾರಿಂದು ತೆಗದು ಇನ್ವರ್ಟರಿಗೆ ಹಚ್ಚೋಣು ಅಂತ ಯಾರರೆ ಅಂದ್ರ ಬ್ಯಾಡ ಅನ್ರಿ. ಎಂಜಿನ್ ಬಂದ್ ಮಾಡಿ ರಾತ್ರಿ ಕಳದ ಮ್ಯಾಲೆ ಮೀಟರ್ ಹಚ್ಚಿ ನೋಡ್ರಿ: 12.6ರ ಮ್ಯಾಲಿದ್ರ ಹೊಟ್ಟಿ ತುಂಬೇದ, 12.2 ಅಂದ್ರ ಅರ್ಧಾ ಖಾಲಿ. ಖಾಲಿ ಇದ್ದದ್ದನ್ನ ಹಂಗೇ ತಿಂಗಳುಗಟ್ಲೆ ಬಿಟ್ರ ಮತ್ತ ಏಳೋದಿಲ್ಲ.

ಇನ್ನೊಂದು ಮಾತು, ಇದನ್ನ ಗಂಡಸರು ಹೇಳೋದಿಲ್ಲ. ಬ್ಯಾಟರಿ ಮುಟ್ಟೋಕಿಂತ ಮೊದಲ ಬಂಗಾರದ ಬಳಿ, ಉಂಗುರ ತೆಗದಿಡ್ರಿ, ಮಂಗಳಸೂತ್ರ ಕುಬಸದೊಳಗ ಸೇರಸ್ರಿ. ಎರಡು ತುದಿಗೂ ಬಂಗಾರ ತಾಕಿದ್ರ ಕ್ಷಣದಾಗ ಕೆಂಪಗ ಕಾದು ಕೈ ಸುಡ್ತದ. ಬಿಚ್ಚೋ ಮುಂದ ಮೈನಸ್ ಮೊದಲ, ಹಚ್ಚೋ ಮುಂದ ಮೈನಸ್ ಕಡೀಕ. ನಮ್ಮ ದೋಣೀದು ನಾನೇ ಹಚ್ಚಿದೆ. ಇವರು ಟಾರ್ಚ್ ಹಿಡಕೊಂಡು ನಿಂತಿದ್ರು, ಮಗಳು ನನ್ನ ಬಳಿ ಹಿಡಕೊಂಡು.