ಮುಟ್ಟದ ದುಡ್ಡು

ಪೋಕರ್ ಆಡಿಯೇ ಹೊಟ್ಟೆ ಹೊರೆಯುತ್ತೇನೆ ಎಂದು ನಂಬಿದ್ದ ಕಾಲಕ್ಕೆ ನನ್ನ ಬಂಡವಾಳ ಐದು ಸಾವಿರ ರೂಪಾಯಿ. 2019ರಲ್ಲಿ ಸಂಬಳದಿಂದ ಎತ್ತಿಟ್ಟದ್ದು. ಆಟಗಾರರು ಅದನ್ನು ಬ್ಯಾಂಕ್‌ರೋಲ್ ಎನ್ನುತ್ತಾರೆ. ಬಾಡಿಗೆ, ದಿನಸಿ, ಹಬ್ಬದ ಖರ್ಚು ಯಾವುದಕ್ಕೂ ಅದರಿಂದ ತೆಗೆಯಕೂಡದು. ಆ ಖರ್ಚಿನ ದುಡ್ಡನ್ನು ಅದಕ್ಕೆ ಸೇರಿಸಲೂ ಕೂಡದು. ಹೋದರೆ ಅಷ್ಟೂ ಹೋಗಲಿ, ಬೆಳೆದರೆ ಬೆಳೆದದ್ದೆಲ್ಲ ಆಟಕ್ಕೇ ಇರಲಿ. ಈ ಕಟ್ಟಳೆಯನ್ನು ನಾನು ಒಂದು ದಿನವೂ ಮೀರಲಿಲ್ಲ. ಇವತ್ತು ನನಗೆ ಅನುಮಾನ ಹುಟ್ಟಿರುವುದು ಆ ನಿಷ್ಠೆಯ ಮೇಲೆಯೇ.

ಕಟ್ಟಳೆ ಕಲಿತದ್ದು ಕ್ರಿಸ್ ಫರ್ಗುಸನ್‌ನಿಂದ. ಉದ್ದ ಕೂದಲು, ಗಡ್ಡ, ಕೌಬಾಯ್ ಟೋಪಿಯ ಅಮೆರಿಕದವನು. 2000ದಲ್ಲಿ ವರ್ಲ್ಡ್ ಸೀರೀಸ್ ಆಫ್ ಪೋಕರ್‌ನ ಮುಖ್ಯ ಟೂರ್ನಿ ಗೆದ್ದವನು, ಕಂಪ್ಯೂಟರ್ ವಿಜ್ಞಾನದಲ್ಲಿ ಡಾಕ್ಟರೇಟ್ ಬೇರೆ. ಸೊನ್ನೆಯಿಂದ ಹತ್ತು ಸಾವಿರ ಡಾಲರ್ ಮಾಡಿ ತೋರಿಸುತ್ತೇನೆ ಎಂದು 2006ರಲ್ಲಿ ಹೊರಟ. ಕೈಯಿಂದ ಒಂದು ಸೆಂಟೂ ಹಾಕದೆ, ಪ್ರವೇಶ ಶುಲ್ಕವಿಲ್ಲದ ಟೂರ್ನಿಗಳಲ್ಲಿ ಕೂತು, ಚಿಲ್ಲರೆ ಗೆದ್ದು, ಅದನ್ನೂ ಕಳೆದುಕೊಂಡು, ಮತ್ತೆ ಗೆದ್ದು, ವರ್ಷಕ್ಕೂ ಮೀರಿ ಹೆಣಗಿ ಮುಟ್ಟಿದ. ಅವನ ನಿಯಮಗಳು ಮೂರೇ. ಒಟ್ಟು ಗಂಟಿನ ನೂರಕ್ಕೆ ಐದಕ್ಕಿಂತ ಹೆಚ್ಚನ್ನು ಒಂದು ಮೇಜಿಗೆ ಒಯ್ಯಬಾರದು. ದೊಡ್ಡ ಟೂರ್ನಿಯಾದರೆ ನೂರಕ್ಕೆ ಎರಡೇ. ಮೇಜಿನ ಮೇಲಿರುವುದು ಗಂಟಿನ ನೂರಕ್ಕೆ ಹತ್ತನ್ನು ದಾಟಿದರೆ, ಗೆಲ್ಲುತ್ತಿದ್ದರೂ ಸರಿ, ಎದ್ದು ಬರಬೇಕು.

ಅವನು ಈ ಪ್ರಯೋಗ ಮಾಡಿದ್ದು ಫುಲ್ ಟಿಲ್ಟ್ ಪೋಕರ್ ಎಂಬ ಆನ್‌ಲೈನ್ ಕಂಪನಿಯ ಮೇಜುಗಳಲ್ಲಿ. ಆ ಕಂಪನಿಯ ಆಡಳಿತ ಮಂಡಳಿಯಲ್ಲೂ ಅವನಿದ್ದ. 2011ರ ಏಪ್ರಿಲ್ 15ರಂದು ಅಮೆರಿಕ ಸರ್ಕಾರ ದೊಡ್ಡ ಪೋಕರ್ ಕಂಪನಿಗಳ ಮೇಲೆ ಮುಗಿಬಿತ್ತು. ಫುಲ್ ಟಿಲ್ಟ್ ಆಟಗಾರರಿಗೆ ಕೊಡಬೇಕಾದದ್ದು ಸುಮಾರು 39 ಕೋಟಿ ಡಾಲರ್, ಬ್ಯಾಂಕಿನಲ್ಲಿ ಇದ್ದದ್ದು ಸುಮಾರು 6 ಕೋಟಿ ಎಂದು ಸರ್ಕಾರಿ ವಕೀಲರು ಕೋರ್ಟಿಗೆ ಹೇಳಿದರು. ಇದೆಲ್ಲ ಓದಿ ತಿಳಿದೇ ನಾನು ನೂರಕ್ಕೆ ಐದರ ನಿಯಮವನ್ನು ಚೀಟಿಯಲ್ಲಿ ಬರೆದು ಮಾನಿಟರಿಗೆ ಅಂಟಿಸಿದೆ. ಗಂಟು ಕಾಯುವ ನಿಯಮ ನನ್ನ ಬಗ್ಗೆ ಹೇಳುತ್ತದೆಯೇ ಹೊರತು, ಆ ಗಂಟನ್ನು ಇಟ್ಟುಕೊಂಡವರ ಬಗ್ಗೆ ಏನೂ ಹೇಳುವುದಿಲ್ಲ ಎಂಬುದು ಗೊತ್ತಿತ್ತು. ಆದರೂ ನನಗೆ ನಿಯಮ ಬೇಕಿತ್ತು.

ಯಾಕೆ ಬೇಕಿತ್ತು? ಪೇಪರಿನಲ್ಲಿ ವಾರಕ್ಕೊಂದಾದರೂ ಸುದ್ದಿ ಇರುತ್ತದಲ್ಲ, ಅಂದರ್ ಬಾಹರ್ ಅಡ್ಡೆ ಮೇಲೆ ದಾಳಿ, ಪಣಕ್ಕಿಟ್ಟ ನಗದು ವಶ, ಇಷ್ಟು ಮಂದಿ ಬಂಧನ. ಆ ಸಾಲಿನಲ್ಲಿ ನಾನಿಲ್ಲ ಎಂದು ನನಗೆ ನಾನೇ ತೋರಿಸಿಕೊಳ್ಳಬೇಕಿತ್ತು. ರಮ್ಮಿ ಮುಖ್ಯವಾಗಿ ಕೌಶಲದ ಆಟವೆಂದು ಸುಪ್ರೀಂ ಕೋರ್ಟ್ 1967ರಲ್ಲೇ ಹೇಳಿದೆ ಎಂದು ಊಟದ ನಡುವೆ ಭಾವನ ಜೊತೆ ವಾದಕ್ಕೆ ಇಳಿದಿದ್ದೇನೆ. ಭಾವ ಕೇಳಿದ್ದು ಪೋಕರ್ ಬಗ್ಗೆ, ನಾನು ಹೇಳಿದ್ದು ರಮ್ಮಿ ಬಗ್ಗೆ. ಅದು ಬೇರೆ ಮಾತು. ಜೂಜುಕೋರನಿಗೆ ಲೆಕ್ಕದ ಪುಸ್ತಕ ಇರುವುದಿಲ್ಲ, ನನ್ನ ಬಳಿ ಇತ್ತು. ತಾರೀಖು, ಮೇಜು, ತೆಗೆದುಕೊಂಡು ಹೋದದ್ದು, ತಂದದ್ದು, ಷರಾ.

ಆ ಷರಾ ಕಾಲಂ ಈಗ ಓದಿದರೆ ನಗು ಬರುತ್ತದೆ. ಎಕ್ಕದ ಜೋಡಿಗೂ ರಾಜನ ಜೋಡಿಗೂ ಮೊದಲೇ ಪೂರ್ತಿ ದುಡ್ಡು ಬಿದ್ದರೆ ನೂರಕ್ಕೆ ಸುಮಾರು 82 ಸಲ ಎಕ್ಕ ಗೆಲ್ಲುತ್ತದೆ. ನನ್ನ ಎಕ್ಕ ಸೋತಾಗಲೆಲ್ಲ ‘ಅದೃಷ್ಟ ಕೈಕೊಟ್ಟಿತು’ ಎಂದು ಷರಾ ಬರೆದಿದ್ದೇನೆ. ನನ್ನ ರಾಜ ಎದುರಾಳಿಯ ಎಕ್ಕವನ್ನು ಹೊಡೆದ ರಾತ್ರಿಗಳೂ ಇರಲೇಬೇಕು, ಲೆಕ್ಕದ ಪ್ರಕಾರ. ಅಲ್ಲಿ ಷರಾ ಖಾಲಿ. ಗೆಲುವಿಗೆ ವಿವರಣೆ ಬೇಕೆಂದು ನನಗೆ ಅನ್ನಿಸಿಯೇ ಇರಲಿಲ್ಲ.

ಮೆಟ್ಟಿಲುಗಳ ಲೆಕ್ಕ ಹೀಗಿತ್ತು. ಅತಿ ಕೆಳಗೆ 1–2 ರೂಪಾಯಿ ಬ್ಲೈಂಡ್‌ಗಳ, ಅಂದರೆ ಎಲೆ ನೋಡುವ ಮೊದಲೇ ಕಟ್ಟಬೇಕಾದ ಪಣಗಳ, ಮೇಜು. ಅಲ್ಲಿಗೆ ನೂರು ಬಿಗ್ ಬ್ಲೈಂಡ್, ಅಂದರೆ 200 ರೂಪಾಯಿ ತೆಗೆದುಕೊಂಡು ಕೂರಬೇಕು. ಐದು ಸಾವಿರಕ್ಕೆ ಇಪ್ಪತ್ತೈದು ಸಲ ಕೂರಬಹುದು. 5–10ರ ಮೇಜಿಗೆ ಸಾವಿರ ಬೇಕು, ಅಲ್ಲಿಗೆ ಹೋಗಲು ಗಂಟು ಇಪ್ಪತ್ತೈದು ಸಾವಿರ ಆಗಬೇಕು. 25–50ಕ್ಕೆ ಒಂದೂಕಾಲು ಲಕ್ಷ. ಒಳ್ಳೆಯ ಆಟಗಾರ ನೂರು ಹ್ಯಾಂಡಿಗೆ, ಅಂದರೆ ನೂರು ಸಲ ಎಲೆ ಹಂಚಿದ್ದಕ್ಕೆ, ಸರಾಸರಿ ಐದು ಬಿಗ್ ಬ್ಲೈಂಡ್ ಗೆಲ್ಲುತ್ತಾನೆ ಎಂದಿಟ್ಟುಕೊಳ್ಳಿ. ಒಟ್ಟಿಗೆ ನಾಲ್ಕು ಮೇಜು ತೆರೆದರೆ ಗಂಟೆಗೆ ಇನ್ನೂರೈವತ್ತು ಹ್ಯಾಂಡ್. ಆ ಲೆಕ್ಕಕ್ಕೆ ಅವನ ಕೂಲಿ 1–2ರಲ್ಲಿ ಗಂಟೆಗೆ 25 ರೂಪಾಯಿ, 5–10ರಲ್ಲಿ 125, 25–50ರಲ್ಲಿ 625. ತಿಂಗಳಿಗೆ ನೂರಿಪ್ಪತ್ತು ಗಂಟೆ ಕೂತರೆ 25–50ರಲ್ಲಿ 75,000. ರಾಜೀನಾಮೆ ಪತ್ರ ಬರೆಯಲು ಆ ಒಂದು ಸಾಲು ಸಾಕಿತ್ತು. ಬರೆದೂ ಇಟ್ಟಿದ್ದೆ, ಡ್ರಾಫ್ಟ್‌ನಲ್ಲಿ.

ನಮ್ಮಂಥವರ ಕಿವಿಗೆ ಬೀಳುವ ಕತೆಗಳು ಬೇರೆ. ಟೆನೆಸ್ಸಿಯ ಅಕೌಂಟೆಂಟ್ ಕ್ರಿಸ್ ಮನಿಮೇಕರ್ 86 ಡಾಲರಿನ ಅರ್ಹತಾ ಟೂರ್ನಿಯಿಂದ ಹೊರಟು 2003ರಲ್ಲಿ 25 ಲಕ್ಷ ಡಾಲರ್ ಗೆದ್ದದ್ದು. ನಮ್ಮ ಬೆಂಗಳೂರಿನ ಸಂತೋಷ್ ಸುವರ್ಣ 2024ರಲ್ಲಿ ಲಾಸ್ ವೇಗಸ್‌ನಲ್ಲಿ 54 ಲಕ್ಷ ಡಾಲರ್ ಗೆದ್ದದ್ದು. ಆ ಟೂರ್ನಿಯ ಪ್ರವೇಶ ಶುಲ್ಕವೇ ಎರಡೂವರೆ ಲಕ್ಷ ಡಾಲರ್. ಗಂಟೆಗೆ 125 ರೂಪಾಯಿ ಗೆಲ್ಲುವವನ ಕತೆ ಯಾರೂ ಹೇಳುವುದಿಲ್ಲ. ನಾನಿದ್ದದ್ದು ಅಲ್ಲಿ.

ನಮ್ಮಕ್ಕ ತಿಪಟೂರಿನಲ್ಲಿದ್ದಾಳೆ. ಇಪ್ಪತ್ತು ಮನೆಯವರ ಚೀಟಿ ನಡೆಸುತ್ತಾಳೆ. ಅವಳಿಗೆ ಒಮ್ಮೆ ನನ್ನ ಪುಸ್ತಕ ತೋರಿಸಿದೆ, ಹೊಗಳಿಕೆಗೆ.

‘ತಿಂಗಳಿಗೆ ಎಷ್ಟು ತೆಗೀತೀಯೋ?’

‘ತೆಗಿಯಲ್ಲ ಅಕ್ಕ. ಬೆಳಸ್ತಾ ಇದೀನಿ.’

‘ತೆಗೀದೇ ಇರೋದು ಸಂಪಾದ್ನೆ ಹೆಂಗಾಗುತ್ತೋ?’

ಬಂಡವಾಳ, ಏರಿಳಿತ, ಚಕ್ರಬಡ್ಡಿ ಎಂದೆಲ್ಲ ಬಿಡಿಸಿ ಹೇಳಿದೆ. ಅವಳು ಅವರೆಕಾಯಿ ಸುಲಿಯುತ್ತ ಕೇಳಿಸಿಕೊಂಡಳು. ಅವಳ ಪ್ರಶ್ನೆ ಎಷ್ಟು ಆಳದ್ದೆಂದು ಅರ್ಥವಾದದ್ದು ನಿಧಾನವಾಗಿ. ಮುಟ್ಟದೆ ಬಿಟ್ಟ ಗಂಟಿನ ಗಣಿತವೇ ಬೇರೆ, ಪ್ರತಿ ಒಂದನೇ ತಾರೀಖು ಬಾಡಿಗೆ ಕೀಳುವ ಗಂಟಿನ ಗಣಿತವೇ ಬೇರೆ. ಒಂದೂಕಾಲು ಲಕ್ಷದ ಗಂಟಿನಿಂದ ತಿಂಗಳಿಗೆ ಮೂವತ್ತು ಸಾವಿರ ತೆಗೆದರೆ, ಗೆಲುವು ಸ್ವಲ್ಪ ತಡವಾದ ಎರಡು ತಿಂಗಳಿಗೆ ಅದು ಅರ್ಧವಾಗುತ್ತದೆ. ಅಲ್ಲಿಗೆ 25–50ರ ಮೇಜು ಕೈತಪ್ಪಿತು. ಕೆಳಗಿನ ಮೇಜಿನ ಕೂಲಿ ಬಾಡಿಗೆಗೆ ಸಾಲದು. ನಾನು ಅಭ್ಯಾಸ ಮಾಡುತ್ತಿದ್ದದ್ದು ಒಂದು ಕೆಲಸ, ಬಯಸಿದ್ದದ್ದು ಇನ್ನೊಂದು. ಮುಟ್ಟದಿರುವುದರಲ್ಲಿ ಪಳಗಿದವನು ಮುಟ್ಟಿ ಬದುಕುವುದನ್ನು ಎಲ್ಲಿ ಕಲಿಯಬೇಕು?

ಇನ್ನೊಂದು ಇದೆ, ಇದನ್ನು ಒಪ್ಪಿಕೊಳ್ಳಲು ಹೆಚ್ಚು ಕಾಲ ಹಿಡಿಯಿತು. ನೂರು ಹ್ಯಾಂಡಿಗೆ ಐದು ಗೆಲ್ಲುವವನ ಏರಿಳಿತ ಅದೇ ನೂರು ಹ್ಯಾಂಡಿನಲ್ಲಿ ಸುಮಾರು 90 ಬಿಗ್ ಬ್ಲೈಂಡ್. ಹತ್ತು ಸಾವಿರ ಹ್ಯಾಂಡ್ ಆಡಿದ ಮೇಲೆ ಅವನು ಗೆದ್ದಿರಬೇಕಾದದ್ದು 500, ಏರಿಳಿತ 900. ಹಾಗಾಗಿ ಅಂಥ ನೂರು ಮಂದಿಯಲ್ಲಿ ಸುಮಾರು 29 ಮಂದಿ ಅಷ್ಟೆಲ್ಲ ಆಡಿಯೂ ನಷ್ಟದಲ್ಲಿರುತ್ತಾರೆ. ತದ್ವಿರುದ್ಧವಾಗಿ, ನೂರು ಹ್ಯಾಂಡಿಗೆ ಎರಡು ಕಳೆದುಕೊಳ್ಳುವ ಕಚ್ಚಾ ಆಟಗಾರರ ನೂರು ಮಂದಿಯಲ್ಲಿ ಸುಮಾರು 41 ಮಂದಿ ಲಾಭದಲ್ಲಿ ಕೂತು, ತಾವು ಪರಿಣತರೆಂದು ನಂಬಿರುತ್ತಾರೆ. ಲಕ್ಷ ಹ್ಯಾಂಡ್ ದಾಟಿದ ಮೇಲೆ ಚಿತ್ರ ಒಂದಿಷ್ಟು ತಿಳಿಯಾಗುತ್ತದೆ. ಅದೂ ಒಂದೇ ಮಟ್ಟದ ಮೇಜಿನಲ್ಲಿ ಆಡಿದರೆ.

ನಾನು ಒಂದೇ ಮಟ್ಟದಲ್ಲಿ ನಿಲ್ಲಲಿಲ್ಲ. ಇಪ್ಪತ್ತೈದು ಸಾವಿರ ಆದಾಗ 5–10ಕ್ಕೆ ಏರುತ್ತಿದ್ದೆ. ಇಪ್ಪತ್ತಕ್ಕೆ ಕುಗ್ಗಿದಾಗ, ನಿಯಮದಂತೆ, ಇಳಿಯುತ್ತಿದ್ದೆ. ಕೆಳಗೆ ಗೆದ್ದು ಮತ್ತೆ ಹತ್ತುತ್ತಿದ್ದೆ. ಈ ಹತ್ತಿ ಇಳಿಯುವ ಆಟವನ್ನು ಜೀವಮಾನವಿಡೀ ಆಡಬಹುದು, ದಿವಾಳಿಯಾಗದೆ. ದಿವಾಳಿಯಾಗದಂತೆ ಕಾಯುವ ನಿಯಮವೇ, ನನಗೆ ಆಟ ಬರುತ್ತದೋ ಇಲ್ಲವೋ ಎಂಬ ಪ್ರಶ್ನೆಗೆ ಉತ್ತರ ಸಿಗದಂತೆಯೂ ಕಾಯುತ್ತಿತ್ತು. ಅದು ನನಗೆ ಗೊತ್ತಿರಲಿಲ್ಲವೆಂದು ಹೇಳಲಾರೆ. ಆಫೀಸಿನಲ್ಲಿ ಮ್ಯಾನೇಜರನ ಮರ್ಜಿಯ ಮೇಲೆ ನಡೆಯುವ ಮೌಲ್ಯಮಾಪನದಿಂದ ಬೇಸತ್ತು, ಇಸ್ಪೀಟಿಗೆ ಮುಖ ನೋಡಿ ಮಣೆ ಹಾಕುವುದು ಗೊತ್ತಿಲ್ಲ, ಅದರ ತೀರ್ಪು ನ್ಯಾಯವಾದದ್ದು ಎಂದು ಬಂದವನು ನಾನು. ಬಂದ ಮೇಲೆ, ಆ ತೀರ್ಪು ಬರುವ ಮೊದಲೇ ಪ್ರತಿ ಸಲವೂ ಮೇಜು ಬದಲಿಸುವ ಒಂದು ಗೌರವಾನ್ವಿತ ದಾರಿ ಹುಡುಕಿಕೊಂಡೆ. ನನ್ನಲ್ಲಿ ಇದ್ದದ್ದು ಖಜಾಂಚಿಯ ಗುಣ. ಆಟಗಾರನದ್ದು ಇತ್ತೋ ಏನೋ.

ದುಡ್ಡು ಯಾರದ್ದು ಎಂಬುದಕ್ಕೂ ಬರಬೇಕು. ಪ್ರತಿ ಪಾಟ್‌ನಿಂದ, ಅಂದರೆ ಮೇಜಿನ ನಡುವೆ ಸೇರಿದ ಪಣದಿಂದ, ಕಂಪನಿ ತನ್ನ ಪಾಲು, ರೇಕ್, ಮುರಿದುಕೊಳ್ಳುತ್ತದೆ. ಸಮಬಲರೇ ಕೂತರೆ ಎಲ್ಲರೂ ಸೋಲುತ್ತಾರೆ, ಕಂಪನಿಯೊಂದನ್ನು ಬಿಟ್ಟು. ಅಂದರೆ ನನ್ನ ಗಂಟು ಬೆಳೆಯಬೇಕಾದರೆ ಮೇಜಿನಲ್ಲಿ ನನಗಿಂತ ಕಚ್ಚಾ ಒಬ್ಬ ಇರಲೇಬೇಕು. ಅಂಥವರ ಹೆಸರಿಗೆ ಹಸಿರು ಬಣ್ಣ ಹಚ್ಚಿಟ್ಟಿದ್ದೆ. ಅದರಲ್ಲೊಬ್ಬ ತಿಂಗಳ ಮೊದಲ ವಾರ ಬರುತ್ತಿದ್ದ, ಹತ್ತನೇ ತಾರೀಖಿನ ಹೊತ್ತಿಗೆ ಕಾಣೆಯಾಗುತ್ತಿದ್ದ. ಸಂಬಳದವನು. ಪೋಕರ್‌ನಲ್ಲಿ ಎದುರಾಳಿ ಮೊದಲು ತೀರ್ಮಾನ ಹೇಳಿ, ನಾವು ಆಮೇಲೆ ಹೇಳುವಂತಿದ್ದರೆ ಮೇಲುಗೈ. ಅದಕ್ಕಾಗಿ ಅವನ ಎಡಗಡೆಯ ಸೀಟೇ ಬೇಕು. ಅದು ಖಾಲಿಯಾಗುವ ತನಕ ಕಾದು ಕೂರುತ್ತಿದ್ದೆ. ಒಂದು ರಾತ್ರಿ ಅವನು ಚಾಟ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಕೇಳಿದ: ‘ಯಾಕ್ ಗುರು, ದಿನಾ ನನ್ ಪಕ್ದಲ್ಲೇ ಕೂತ್ಕೋತೀಯ?’

ಸೀಟು ಖಾಲಿ ಇತ್ತು ಎಂದು ಬರೆದೆ. ಅವನು ನಗುವ ಮುಖ ಕಳಿಸಿದ. ಆ ರಾತ್ರಿಯೂ ಅವನಿಂದ ಗೆದ್ದೆ. ನಾನು ಎದ್ದು ಹೋಗಿದ್ದರೆ ಆ ಸೀಟಿಗೆ ಇನ್ನೊಬ್ಬ ಬರುತ್ತಿದ್ದ, ನಿಜ. ಆ ವಾದದಲ್ಲಿ ತಪ್ಪು ಹುಡುಕಲು ಈಗಲೂ ಆಗಿಲ್ಲ, ಅದನ್ನು ಹೇಳಿಕೊಂಡು ಸಮಾಧಾನವೂ ಆಗಿಲ್ಲ. ವೃತ್ತಿ ಎಂದರೆ ದಿನಾ ಆ ಸೀಟಿಗಾಗಿ ಕಾಯುವುದು. ಅದನ್ನು ಎರಡು ತಾಸಿನ ಹವ್ಯಾಸವಾಗಿ ಮಾಡಬಲ್ಲವನಾಗಿದ್ದೆ, ಬದುಕಾಗಿ ಮಾಡಬಲ್ಲೆನೇ ಎಂದು ಕೇಳಿಕೊಂಡಿರಲಿಲ್ಲ.

ಕಾನೂನಿನ ಏರಿಳಿತ ಬೇರೆ. 2021ರ ಅಕ್ಟೋಬರ್ 5ರಂದು ದುಡ್ಡಿನ ಆನ್‌ಲೈನ್ ಆಟ ನಿಷೇಧಿಸುವ ಕರ್ನಾಟಕದ ತಿದ್ದುಪಡಿ ಕಾಯ್ದೆ ಜಾರಿಗೆ ಬಂದು ನಾನು ಆಡುತ್ತಿದ್ದ ಆ್ಯಪ್ ಮುಚ್ಚಿತು. ಅತ್ತಿಬೆಲೆ ದಾಟಿದರೆ ಹೊಸೂರು. ತಮಿಳುನಾಡಿನ ಅಂಥದೇ ಕಾಯ್ದೆಯನ್ನು ಮದ್ರಾಸ್ ಹೈಕೋರ್ಟ್ ಆ ಆಗಸ್ಟ್‌ನಲ್ಲೇ ಹೊಡೆದುಹಾಕಿತ್ತು. ವಾರಾಂತ್ಯಕ್ಕೆ ಅಲ್ಲಿ ಲಾಡ್ಜ್ ಹಿಡಿಯೋಣವೆಂದು ಯೋಚಿಸಿದೆ. ಲಾಡ್ಜಿನ ಬಾಡಿಗೆ ಗಂಟಿನಿಂದಲೋ ಸಂಬಳದಿಂದಲೋ ಎಂಬುದು ಇತ್ಯರ್ಥವಾಗದೆ ಕೈಬಿಟ್ಟೆ. 2022ರ ಫೆಬ್ರವರಿ 14ರಂದು ನಮ್ಮ ಹೈಕೋರ್ಟೂ ಇಲ್ಲಿಯ ನಿಷೇಧವನ್ನು ರದ್ದು ಮಾಡಿತು, ಮತ್ತೆ ಕೂತೆ. 2023ರ ಏಪ್ರಿಲ್‌ನಿಂದ ವರ್ಷದ ನಿವ್ವಳ ಗೆಲುವಿಗೆ ನೂರಕ್ಕೆ ಮೂವತ್ತು ತೆರಿಗೆ ಮೂಲದಲ್ಲೇ ಕಡಿತ, ಅಕ್ಟೋಬರ್‌ನಿಂದ ಕಟ್ಟುವ ದುಡ್ಡಿನ ಮೇಲೆ ನೂರಕ್ಕೆ 28 ಜಿಎಸ್‌ಟಿ. ಒಂದು ವರ್ಷದ ನಷ್ಟವನ್ನು ಇನ್ನೊಂದು ವರ್ಷದ ಗೆಲುವಿಗೆ ಹೊಂದಿಸುವಂತಿಲ್ಲ. ಮೊದಲ ವರ್ಷ ಆರು ಲಕ್ಷ ಗೆದ್ದು ಮರುವರ್ಷ ನಾಲ್ಕು ಲಕ್ಷ ಕಳೆದವನ ಕೈಯಲ್ಲಿ ಎರಡು ಲಕ್ಷ ಉಳಿಯಬೇಕು, 1.8 ಲಕ್ಷ ತೆರಿಗೆ ಕಳೆದು ಉಳಿಯುವುದು ಇಪ್ಪತ್ತು ಸಾವಿರ. ಏರಿಳಿತಕ್ಕೆ ಮಾರ್ಚ್ 31 ಗೊತ್ತಿರುವುದಿಲ್ಲ. ಅಷ್ಟು ಹೊತ್ತಿಗೆ 75,000ದ ಆ ಸಾಲನ್ನು ಹೊಡೆದುಹಾಕಬೇಕಿತ್ತು. ಡ್ರಾಫ್ಟ್‌ನಲ್ಲಿದ್ದ ಪತ್ರವನ್ನು ನಾನು ಅಳಿಸಲಿಲ್ಲ.

2025ರ ಆಗಸ್ಟ್‌ನಲ್ಲಿ ಸಂಸತ್ತು ಕೌಶಲವೋ ಅದೃಷ್ಟವೋ ಎಂಬ ಹಳೆಯ ಜಿಜ್ಞಾಸೆಯನ್ನೇ ಬದಿಗೊತ್ತಿ, ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸಿತು. 22ರಂದು ರಾಷ್ಟ್ರಪತಿಗಳ ಅಂಕಿತವಾಯಿತು. ಮೇಜುಗಳು ಮುಚ್ಚಿದವು, ಇದ್ದದ್ದನ್ನು ಹಿಂತೆಗೆದುಕೊಳ್ಳಿ ಎಂದು ಸಂದೇಶ ಬಂತು. ಆಟದ ಗೆಳೆಯರು ಸಿಟ್ಟಾದರು. ಅವರ ಸಿಟ್ಟು ನ್ಯಾಯವಾದದ್ದೇ. ಕೆಲವರಿಗೆ ಅದು ನಿಜವಾಗಿ ಅನ್ನವಾಗಿತ್ತು. ನಾನೂ ಗುಂಪಿನಲ್ಲಿ ಎರಡು ಖಾರದ ಸಾಲು ಬರೆದೆ. ಒಳಗೆ ಆದದ್ದು ಮಾತ್ರ ನಿರಾಳ. ಇನ್ನು ಯಾರಿಗೂ ಏನೂ ಸಾಬೀತು ಮಾಡಬೇಕಿಲ್ಲ. ಯಾಕೆ ಆಗಲಿಲ್ಲ ಎಂದರೆ ತೋರಿಸಲು ಒಂದು ಗೆಜೆಟ್ ಇದೆ.

‘ಗೋವಾಕ್ಕೆ ಬಾರೋ, ಮಾಂಡೋವಿಯಲ್ಲಿ ಕ್ಯಾಸಿನೊ ಹಡಗುಗಳು ಹಾಗೇ ನಿಂತಿವೆ’ ಎಂದು ಒಬ್ಬ ಕರೆಯುತ್ತಿರುತ್ತಾನೆ. ಕೈಯಿಂದ ಎಲೆ ಹಂಚುವ ಮೇಜಿನಲ್ಲಿ ಗಂಟೆಗೆ ಮೂವತ್ತು ಹ್ಯಾಂಡ್ ಆದರೆ ಹೆಚ್ಚು. ಲಕ್ಷ ಹ್ಯಾಂಡಿಗೆ ಮೂರು ಸಾವಿರದ ಮುನ್ನೂರು ಗಂಟೆಯ ಮೇಲಾಗುತ್ತದೆ ಎಂದು ಅವನಿಗೆ ಲೆಕ್ಕ ಹಾಕಿ ತೋರಿಸಿದೆ. ‘ನೀನು ಆಡೋಕಲ್ಲ ಕಣೋ, ಲೆಕ್ಕ ಹಾಕೋಕೆ ಹುಟ್ಟಿರೋದು’ ಎಂದ.

ವಾಪಸು ಬಂದ ದುಡ್ಡು ಬೇರೆಯದೇ ಒಂದು ಉಳಿತಾಯ ಖಾತೆಯಲ್ಲಿದೆ. ಮೊನ್ನೆ ಗೀಸರ್ ಕೆಟ್ಟಿತು. ಕ್ರೆಡಿಟ್ ಕಾರ್ಡಿನ ಕಂತಿನಲ್ಲಿ ಹೊಸದು ತಂದೆ. ಬಿಲ್ ನೋಡಿ ಹೆಂಡತಿ ಕೇಳಿದಳು, ‘ಬಡ್ಡಿ ಯಾಕ್ರೀ ಕಟ್ಬೇಕು, ಆ ಆಟದ ದುಡ್ಡು ಸುಮ್ನೆ ಬಿದ್ದಿದೆಯಲ್ಲ?’

‘ಅದು ಬೇರೆ ದುಡ್ಡು’ ಎಂದೆ.