ಖಾಲಿ ಗ್ಯಾಲರಿಯ ಕೇಕೆ

2020ರ ಐಪಿಎಲ್ ಅಂದರೆ ನನಗೆ ಆಟಗಾರರಿಗಿಂತ ಮೊದಲು ನೆನಪಾಗೋದು ಪರದೆ ಹಿಂದಿನ ಎಂಜಿನಿಯರ್‌ಗಳು. ಕೊರೊನಾ ಕಾರಣಕ್ಕೆ ಸೆಪ್ಟೆಂಬರ್ 19ರಿಂದ ನವೆಂಬರ್ 10ರವರೆಗೆ ಅಷ್ಟೂ ಪಂದ್ಯ ದುಬೈ, ಅಬುಧಾಬಿ, ಶಾರ್ಜಾದಲ್ಲೇ ನಡೆದವು. ಇಲ್ಲಿ ತೆಲಂಗಾಣದ ಗಡಿಯ ನಮ್ಮ ಕರಣಕೋಟದಲ್ಲಿ ಸಿಮೆಂಟ್ ಕಾರ್ಖಾನೆ ಪಾಳಿ ಮುಗಿಸಿದವರು ರಾತ್ರಿ ಏಳೂವರೆಗೆ ಟಿವಿ ಮುಂದೆ ಕೂತರೆ ಅಲ್ಲಿ ಸಂಜೆ ಆರು. ಅಷ್ಟೊತ್ತಿಗಾಗಲೇ ಆ ಬಿಸಿಲಲ್ಲಿ ಒಂದೊಂದೇ ಕ್ಯಾಮೆರಾ, ಒಂದೊಂದೇ ಕೇಬಲ್ ಪರೀಕ್ಷೆ ಆಗಿರಬೇಕು. ಸ್ಟಂಪ್ ಬುಡದ ಮೈಕನ್ನು ಬೆರಳಿಂದ ತಟ್ಟಿ, ಸೌಂಡ್ ಮಿಕ್ಸರ್ ಮುಂದೆ ಕೂತವನಿಗೆ "ಕೇಳ್ತಾ?" ಅಂತ ಕೇಳಿರಬೇಕು.

ಗ್ಯಾಲರಿ ಪೂರಾ ಖಾಲಿ. ಆದರೂ ಸಿಕ್ಸರ್ ಹೊಡೆದಾಗ ಕೇಕೆ ಕೇಳುತ್ತಿತ್ತಲ್ಲ, ಅದು ಮೊದಲೇ ರೆಕಾರ್ಡ್ ಮಾಡಿಟ್ಟ ಜನರ ಗದ್ದಲ. ಚೆಂಡಿನ ಮೇಲೇ ಕಣ್ಣಿಟ್ಟು ಒಬ್ಬರು ಅದನ್ನು ಏರಿಸಬೇಕು, ಇಳಿಸಬೇಕು. ಚೂರು ತಡವಾದರೂ ಮನೆಯಲ್ಲಿ ಕೂತವರಿಗೆ ಗೊತ್ತಾಗಿಬಿಡುತ್ತೆ.

ಬ್ಯಾಟಿನ ಟಕ್ ಸದ್ದು ಅಲ್ಲಿಂದ, ಕನ್ನಡ ಕಾಮೆಂಟರಿ ಭಾರತದ ಸ್ಟುಡಿಯೊದಿಂದ. ಎರಡೂ ಒಂದೇ ಗಳಿಗೆಗೆ ಕೂಡಬೇಕು. ಹೋಟೆಲು, ಮೈದಾನ, ಮತ್ತೆ ಮತ್ತೆ ಕೊರೊನಾ ಟೆಸ್ಟು, ಇಷ್ಟರಲ್ಲೇ ತಿಂಗಳುಗಟ್ಟಲೆ ಕಳೆದು, ಆ ಎಂಜಿನಿಯರ್‌ಗಳು ಗಡಿಯ ನಮ್ಮಂಥವರ ಮನೆಗೂ ಆಟ ಮುಟ್ಟಿಸಿದರು. ಪಂದ್ಯಶ್ರೇಷ್ಠನ ಹೆಸರಿನ ಜೊತೆ ಆ ದಿನದ ಸೌಂಡ್ ಎಂಜಿನಿಯರ್ ಹೆಸರೂ ಪರದೆ ಮೇಲೆ ಬರಲಿ ಅನ್ನೋದು ನನ್ನ ಆಸೆ.