ಕೇಳದೆ ಉಳಿದ ಕಛೇರಿಗಳು

ಹುಣಸೂರು ಸೀಮೆಯಲ್ಲಿ ಹೊಗೆಸೊಪ್ಪು ಬೆಳೆಯುವವರಿಗೆ ಕಟ್ಟೆಮಳಲವಾಡಿ ಎಂದರೆ ಹರಾಜು ಮಾರುಕಟ್ಟೆ. ಉಳಿದವರಿಗೆ ಅಲ್ಲಿನ ಕಟ್ಟೆಯನ್ನು ತೋರಿಸಬೇಕು. ಕೊಡಗಿನ ಬ್ರಹ್ಮಗಿರಿಯಲ್ಲಿ ಹುಟ್ಟಿ, ಇರ್ಪುವಿನಲ್ಲಿ ಧುಮುಕಿ, ಕೊನೆಗೆ ಕನ್ನಂಬಾಡಿಯ ಹಿನ್ನೀರಿನಲ್ಲಿ ಒಂದಾಗುವ ಲಕ್ಷ್ಮಣತೀರ್ಥಕ್ಕೆ ನಮ್ಮಲ್ಲೊಂದು ಅಣೆಕಟ್ಟೆ ಇದೆ. ಮಳೆಗಾಲದಲ್ಲಿ ನೀರು ಅದರ ಮೇಲೆ ಹಾಸಿ ಹರಿಯುವಾಗ ದೂರಕ್ಕೆ ತಂಬೂರಿ ಮೀಟಿದ ಹಾಗೆ ಒಂದೇ ಸಮನೆ ಸದ್ದು. ಸಂಗೀತದ ಹುಚ್ಚಿನವನಿಗೆ ಹಾಗೆ ಕೇಳಿಸುತ್ತದೆ, ಬೇರೆಯವರಿಗೆ ಅದು ನೀರಿನ ಸದ್ದೇ.

ನಾನು ಹಾಡುವವನಲ್ಲ. ತಾಳ ಹಾಕಬಲ್ಲೆ, ಅದೂ ತಪ್ಪಿದರೆ ಪಕ್ಕದವರನ್ನು ನೋಡಿ ಸರಿಮಾಡಿಕೊಳ್ಳಬಲ್ಲೆ. ಆದರೆ ಕೇಳುವ ಹಸಿವು ದೊಡ್ಡದು. ನಮ್ಮ ಮನೆಯ ಹಳೆಯ ಕ್ಯಾಲೆಂಡರುಗಳಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲಿ ಕಛೇರಿಗಳ ದಿನವನ್ನೂ ಗುರುತು ಹಾಕಿಟ್ಟಿರುತ್ತೇನೆ. ಮೊನ್ನೆ 2024ರ ಕ್ಯಾಲೆಂಡರನ್ನು ಇಳಿಸಿ ನೋಡಿದೆ. ಗುರುತುಗಳು ಬೇಕಾದಷ್ಟು, ಹೋದದ್ದು ಒಂದಕ್ಕೂ ಇಲ್ಲ.

ಮೊದಲನೆಯ ಗುರುತು ಏಪ್ರಿಲ್‌ನದು. ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಶ್ರೀ ರಾಮಸೇವಾ ಮಂಡಲಿಯವರ ರಾಮನವಮಿ ಸಂಗೀತೋತ್ಸವ. 1939ರಲ್ಲಿ ಎಸ್.ವಿ. ನಾರಾಯಣಸ್ವಾಮಿ ರಾವ್ ಅವರು ಆರಂಭಿಸಿದ್ದು. ಕೋಟೆ ಹೈಸ್ಕೂಲು ಮೈದಾನದ ಚಪ್ಪರದಲ್ಲಿ ಕೂತು ಪಾನಕ, ಕೋಸಂಬರಿಯ ನೆನಪಿನೊಡನೆ ದೊಡ್ಡವರ ಹಾಡು ಕೇಳಬೇಕೆಂಬುದು ನನ್ನ ಬಹುದಿನದ ಆಸೆ. ಆ ವರ್ಷ ರಾಮನವಮಿ 17ರಂದು ಬಂತು. ಮಗಳಿಗೆ ಸಿಇಟಿ 18 ಮತ್ತು 19ರಂದು. ಹಾಲ್ ಟಿಕೆಟ್ಟು ದೇವರ ಪಟದ ಹಿಂದೆ ಇದ್ದಾಗ ತಂದೆಯಾದವನು ಬೆಂಗಳೂರಿಗೆ ಕಛೇರಿ ಕೇಳಲು ಹೊರಟರೆ ಮನೆಯಲ್ಲಿ ಯಾರು ಒಪ್ಪುತ್ತಾರೆ? ನಾನೇ ಒಪ್ಪಲಿಲ್ಲ. ಪರೀಕ್ಷೆ ಬರೆಯುವವಳು ಅವಳು, ಊಟ ಬಿಟ್ಟವನು ನಾನು. ಪರೀಕ್ಷೆ ಮುಗಿದ ಮೇಲೂ ಅಲ್ಲಿ ಕಛೇರಿಗಳು ನಡೆಯುತ್ತಿದ್ದವು. ಅಷ್ಟರಲ್ಲಿ ನಮ್ಮಲ್ಲಿ ಹೊಗೆಸೊಪ್ಪಿನ ಸಸಿಮಡಿಗೆ ನೀರು ಹಾಯಿಸುವ ಕೆಲಸ ಕೈಹಿಡಿದಿತ್ತು.

ಎರಡನೆಯ ಗುರುತು ರುದ್ರಪಟ್ಟಣ. ಅದೇನೂ ದೂರದ್ದಲ್ಲ. ಬೆಟ್ಟದಪುರದ ಮೇಲೆ ರಾಮನಾಥಪುರಕ್ಕೆ ಹೋದರೆ ಅಲ್ಲಿಂದ ಹತ್ತಿರ. ಅರಕಲಗೂಡು ತಾಲ್ಲೂಕಿನ ಈ ಕಾವೇರಿ ದಂಡೆಯ ಊರಿನಿಂದ ಬಂದ ಸಂಗೀತಗಾರರ ಪಟ್ಟಿ ಹೇಳಹೊರಟರೆ ಪುಟ ಸಾಲದು. 1920ರಲ್ಲಿ ಹುಟ್ಟಿದ ಆರ್.ಕೆ. ಶ್ರೀಕಂಠನ್ ಅಲ್ಲಿಯವರು, ತೊಂಬತ್ತು ದಾಟಿದ ಮೇಲೂ ಹಾಡುತ್ತಿದ್ದ ಅವರು 2014ರಲ್ಲಿ ತೀರಿಕೊಂಡರು. ಆರ್.ಕೆ. ಪದ್ಮನಾಭ ಅವರ ಮುತುವರ್ಜಿಯಿಂದ ಅಲ್ಲಿ ಸಂಗೀತೋತ್ಸವ ನಡೆಯುತ್ತದೆ, ತಂಬೂರಿಯ ಆಕಾರದಲ್ಲೇ ಕಟ್ಟಿದ ಮಂದಿರವೂ ಇದೆ. ನಾನು ಹೋದದ್ದು ಉತ್ಸವವೆಲ್ಲ ಮುಗಿದ ಮೇಲೆ! ಮಂದಿರದ ಮುಂದೆ ಒಂದು ಕರು ಮಲಗಿತ್ತು. ನದಿಯ ಮೆಟ್ಟಿಲ ಮೇಲೆ ಅರ್ಧ ಗಂಟೆ ಕೂತು ವಾಪಸಾದೆ. ಮದುವೆ ಮುಗಿದ ಮಾರನೆಯ ದಿನ ಉಡುಗೊರೆ ಹಿಡಿದು ಹೋದವನ ಪಾಡು.

ಆದರೆ ಇವೆರಡೂ ನನ್ನನ್ನು ಅಷ್ಟಾಗಿ ಚುಚ್ಚುವುದಿಲ್ಲ. ರಾಮನವಮಿ ಮತ್ತೆ ಬರುತ್ತದೆ, ರುದ್ರಪಟ್ಟಣ ಎಲ್ಲಿಗೂ ಹೋಗುವುದಿಲ್ಲ. ಚುಚ್ಚುವುದು ಗುರುತೇ ಹಾಕದೆ ಉಳಿದ ಒಂದು ಕಛೇರಿ.

ಪಂಡಿತ್ ರಾಜೀವ ತಾರಾನಾಥರು ಮೈಸೂರಿನಲ್ಲೇ ಇದ್ದರು. ನಮ್ಮ ಹುಣಸೂರಿನಿಂದ ಬಸ್ಸು ಹತ್ತಿದರೆ ಬಿಳಿಕೆರೆ, ಇಲವಾಲ ದಾಟಿ ಒಂದೂಕಾಲು ಗಂಟೆಯ ಹಾದಿ. ಇಂಗ್ಲಿಷ್ ಸಾಹಿತ್ಯ ಓದಿ ಪಾಠ ಹೇಳುತ್ತಿದ್ದವರು ಸರೋದ್ ಕಲಿಯಬೇಕೆಂದು ಕಲ್ಕತ್ತೆಗೆ ಹೋಗಿ ಅಲಿ ಅಕ್ಬರ್ ಖಾನರ ಶಿಷ್ಯರಾದರು. 'ಸಂಸ್ಕಾರ' ಚಿತ್ರಕ್ಕೆ ಸಂಗೀತ ಕೊಟ್ಟವರೂ ಅವರೇ. ಮಗಳು ಹೈಸ್ಕೂಲಿನಲ್ಲಿದ್ದಾಗ ರೇಡಿಯೋದಲ್ಲಿ ಅವರ ಸರೋದ್ ಕೇಳಿ, "ಅಪ್ಪಾ, ಇವರು ಮೈಸೂರಲ್ಲೇ ಇರೋದಂತೆ, ಒಂದ್ಸಲ ಹೋಗಿ ಎದುರಿಗೇ ಕೂತು ಕೇಳೋಣ" ಎಂದಿದ್ದಳು. ಎಸ್ಸೆಸ್ಸೆಲ್ಸಿ ಮುಗಿಯಲಿ ಎಂದೆ. ಮುಗಿಯಿತು. ಪಿಯುಸಿ ಮುಗಿಯಲಿ ಎಂದೆ. ಅದೂ ಮುಗಿಯಿತು, ಸಿಇಟಿಯೂ ಮುಗಿಯಿತು. 2024ರ ಜೂನ್ 11ರಂದು ರಾಜೀವ ತಾರಾನಾಥರು ತೀರಿಕೊಂಡರು. ತೊಂಬತ್ತೊಂದು ವರ್ಷ. ಮಾರನೆಯ ದಿನ ಮಗಳು ಪತ್ರಿಕೆಯನ್ನು ನನ್ನ ಕಾಫಿ ಲೋಟದ ಪಕ್ಕ ಇಟ್ಟು ಒಳಗೆ ಹೋದಳು. ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು.

ಧ್ವನಿಮುದ್ರಿಕೆ ಇದೆಯಲ್ಲ ಎನ್ನುವವರಿದ್ದಾರೆ. ಇದೆ, ಕೇಳುತ್ತೇನೆ. ಆದರೆ ಶ್ರುತಿ ಮಾಡಿಕೊಳ್ಳುವಾಗ ಕಲಾವಿದ ತಲೆಯೆತ್ತಿ ತಬಲಾದವನನ್ನು ನೋಡುವುದು, ಒಂದು ಸ್ವರ ಹಿಡಿದು ನಿಂತಾಗ ಇಡೀ ಸಭೆ ಉಸಿರು ಬಿಗಿಹಿಡಿಯುವುದು, ಎರಡನೆಯ ಸಾಲಿನ ಅಜ್ಜ ತನಗೆ ತಾನೇ 'ಭೇಷ್' ಅನ್ನುವುದು, ಇವೆಲ್ಲ ಮುದ್ರಿಕೆಗೆ ಇಳಿಯುವುದಿಲ್ಲ.

ಇನ್ನು ಗಣೇಶ ಚೌತಿಯ ವಿಷಯ. ಮೈಸೂರಿನ ಒಂಟಿಕೊಪ್ಪಲಿನ ಎಂಟನೇ ಕ್ರಾಸಿನಲ್ಲಿ 1962ರಿಂದ ಗಣೇಶೋತ್ಸವದ ಕಛೇರಿಗಳು ನಡೆದುಕೊಂಡು ಬಂದಿವೆ. ಬೀದಿಗೇ ಚಪ್ಪರ, ಬಂದವರಿಗೆಲ್ಲ ಕುರ್ಚಿ. ದೊಡ್ಡ ದೊಡ್ಡ ಸಭಾಂಗಣಗಳ ವಿದ್ವಾಂಸರು ಅಲ್ಲಿ ಬಂದು ನುಡಿಸುತ್ತಾರೆ. ಆದರೆ ಚೌತಿ ಬರುವುದು ನಮ್ಮ ಬ್ಯಾರನ್ ಉರಿಯುವ ಕಾಲದಲ್ಲಿ. ಊರಿನ ಮಕ್ಕಳಿಗೆ ಇದನ್ನು ವಿವರಿಸಬೇಕಿಲ್ಲ, ಪಟ್ಟಣದವರಿಗೆ ಹೇಳುತ್ತೇನೆ. ಬಿಡಿಸಿದ ಎಲೆಯನ್ನು ಕಡ್ಡಿಗೆ ಕಟ್ಟಿ ಬ್ಯಾರನ್ನಿನೊಳಗೆ ತೂಗುಹಾಕಿ, ಹೊರಗಿನಿಂದ ಸೌದೆ ಉರಿಸಿ, ಕೊಳವೆಗಳ ಮೂಲಕ ಶಾಖ ಕೊಡಬೇಕು. ಐದಾರು ದಿನ, ಹಗಲೂ ರಾತ್ರಿ. ಮೊದಲು ಸುಮಾರು 95 ಡಿಗ್ರಿ ಫ್ಯಾರನ್‌ಹೀಟ್. ಎಲೆ ಹಳದಿಗೆ ತಿರುಗಿದ ಮೇಲೆ ನಿಧಾನವಾಗಿ ಏರಿಸುತ್ತ, ದಂಟು ಒಣಗುವ ಹೊತ್ತಿಗೆ 160ರ ಹತ್ತಿರ. ನಡುವೆ ಆತುರಪಟ್ಟರೆ ಹಸಿರು ಹಾಗೇ ನಿಂತುಬಿಡುತ್ತದೆ, ಮೈಮರೆತರೆ ಎಲೆ ಕಪ್ಪಾಗುತ್ತದೆ. ಎರಡರಲ್ಲೂ ಹರಾಜುಕಟ್ಟೆಯಲ್ಲಿ ದರ ಬೀಳುವುದು ನಮಗೆ. ವಿಳಂಬದಿಂದ ದ್ರುತಕ್ಕೆ ಹೋಗುವ ಹಿಂದೂಸ್ತಾನಿಯವರ ಖಯಾಲಿನ ಲೆಕ್ಕಾಚಾರವೇ ಇದು, ತಪ್ಪಿದರೆ ಮಾತ್ರ ಚಪ್ಪಾಳೆಯ ಬದಲು ಸಾಲ.

ಉರಿ ಬಿಟ್ಟು ಹೋದರೂ ರಾತ್ರಿಯ ಬಸ್ಸಿನ ಪ್ರಶ್ನೆ. ಮಡಿಕೇರಿ ಕಡೆಯ ಬಸ್ಸು ಹಿಡಿದು ಹುಣಸೂರು ಮುಟ್ಟಬಹುದು. ಹುಣಸೂರಿನಿಂದ ಊರಿಗೆ ಆ ಹೊತ್ತಿನಲ್ಲಿ ಕಾಲೇ ಗತಿ. ಮುಖ್ಯ ಕೃತಿ ಮುಗಿದು ತನಿ ಆವರ್ತನ ಶುರುವಾಗುವಾಗಲೇ ಗಡಿಯಾರ ನೋಡಿ ಎದ್ದು ಬಂದ ಹಳೆಯ ಅನುಭವಗಳಿವೆ. ಮೃದಂಗದವರ ಮುಂದೆ ಹಾಗೆ ಎದ್ದು ಬರುವುದು ಎಂಥ ಅವಮರ್ಯಾದೆ ಎಂದು ನನಗೆ ಗೊತ್ತು.

ದಸರೆಯದು ಬೇರೆ ಮಾತಿಲ್ಲ. ಅಕ್ಟೋಬರ್ 3ರಿಂದ ಅರಮನೆಯ ಮುಂದೆ ಕಛೇರಿಗಳು, ನಮ್ಮ ಮನೆಯ ಪಡಸಾಲೆಯಲ್ಲಿ ಸೊಪ್ಪು ಗ್ರೇಡ್ ಮಾಡಿ ಬೇಲ್ ಕಟ್ಟುವ ಗಡಿಬಿಡಿ.

ಸೆಪ್ಟೆಂಬರ್‌ನಲ್ಲಿ ಮಗಳು ಮೈಸೂರಿನ ಹಾಸ್ಟೆಲ್ ಸೇರಿದ್ದಳು. ಚೌತಿಯಾದ ಕೆಲವು ದಿನಗಳಿಗೆ ಒಂದು ಸಂಜೆ ಫೋನು ಬಂತು. "ಅಪ್ಪಾ, ಎಂಟನೇ ಕ್ರಾಸಿಗೆ ಬಂದಿದ್ದೀನಿ, ಗೆಳತಿಯರ ಜೊತೆ. ಕೇಳಿಸ್ಕೋ" ಎಂದು ಫೋನನ್ನು ಎತ್ತಿ ಹಿಡಿದಳು. ನಾನು ಒಲೆಯ ಬಾಯಿಯ ಮುಂದೆ ಕೂತಿದ್ದೆ. ಪಿಟೀಲು, ಕಲ್ಯಾಣಿ ಇರಬೇಕು. ನಡುವೆ ಯಾವುದೋ ಸ್ಕೂಟರಿನ ಹಾರನ್ನು, ಮಗುವಿನ ಅಳು. ಸೌದೆ ಚಟಪಟ ಎನ್ನುತ್ತಿತ್ತು, ಅದನ್ನು ಸುಮ್ಮನಿರಿಸಲಾಗದೆ ಫೋನನ್ನು ಕಿವಿಗೆ ಒತ್ತಿ ಹಿಡಿದೆ.

"ಕೇಳಿಸ್ತಾ ಅಪ್ಪಾ?"

"ಕೇಳಿಸ್ತಮ್ಮ. ಎದ್ದು ಬರಬೇಡ, ತನಿ ಮುಗಿಯೋವರೆಗೂ ಕೂತಿರು" ಎಂದೆ. ಥರ್ಮಾಮೀಟರು ನೋಡುವ ಹೊತ್ತಾಗಿತ್ತು.